ಆ್ಯಪ್‌ನಲ್ಲಿ ಕ್ಲೀನ್, ಅಡಿಯಲ್ಲಿ ಕೆಮ್ಮಣ್ಣು

ಹೊಸಪೇಟೆಯಲ್ಲಿ ಹಳೇ ಕಾರು ಕೊಳ್ಳಲು ಹೊರಟವನಿಗೆ ಈಗ ಎಲ್ಲ ಕಡೆಯಿಂದಲೂ ಸಿಗುವ ಬುದ್ಧಿಮಾತು ಒಂದೇ: "ನಂಬರ್ ಹೊಡ್ದು ನೋಡ್ರಿ ಸಾರ್, ಎಲ್ಲಾ ಬರ್ತೈತೆ." ಬ್ರೋಕರ್ ಇದನ್ನೇ ಹೇಳುತ್ತಾನೆ, ಫೈನಾನ್ಸ್ ಕಂಪನಿಯ ಹುಡುಗ ಇದನ್ನೇ ಹೇಳುತ್ತಾನೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಳಿಯನೂ ಫೋನಿನಲ್ಲಿ ಇದನ್ನೇ ಹೇಳುತ್ತಾನೆ. ಪರಿಚಯದ ಮೆಕ್ಯಾನಿಕ್ಕನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಗಾಡಿ ತೋರಿಸುವ ಕಾಲ ಮುಗಿಯಿತಂತೆ. ಎಂ-ಪರಿವಾಹನ್ ಆ್ಯಪ್‌ನಲ್ಲಿ ಕೆಎ-35 ಎಂದು ಒತ್ತಿ ಮುಂದಿನ ಅಕ್ಷರ, ಅಂಕಿ ಸೇರಿಸಿದರೆ ಮುಗಿಯಿತು. ಗಾಡಿ ಎಷ್ಟನೇ ಓನರ್ ಕೈಯಲ್ಲಿದೆ, ಸಾಲ ಇದೆಯೇ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಎಂಬ ಜಾತಕ ಅಂಗೈಗೆ ಬರುತ್ತದೆ. ಇನ್ನಷ್ಟು ದುಡ್ಡು ಕೊಟ್ಟರೆ ಖಾಸಗಿಯವರು ಬಣ್ಣಬಣ್ಣದ ಪಿಡಿಎಫ್ ಕಳಿಸುತ್ತಾರೆ. ಪ್ರತಿ ಸಾಲಿನ ಎದುರು ಹಸಿರು ಗುರುತು ಇರುತ್ತದೆ. ಇದನ್ನು ನಂಬದವನು ಹಳೇ ತಲೆಯವನು, ನೋಡದೆ ಮೋಸ ಹೋದವನು ದಡ್ಡ, ನೋಡಿಯೂ ಮೋಸ ಹೋದವನು ನತದೃಷ್ಟ ಎಂದು ಜನ ತೀರ್ಮಾನಿಸಿಬಿಟ್ಟಿದ್ದಾರೆ.

ಈ ತೀರ್ಮಾನ ತಪ್ಪು ಎನ್ನುವುದು ನನ್ನ ವಾದ. ವರದಿಯಲ್ಲಿ ಬರುವುದು ಗಾಡಿಗೆ ಏನೇನಾಯಿತು ಎಂಬುದರ ಲೆಕ್ಕವೆಂದು ಎಲ್ಲರೂ ತಿಳಿದಿದ್ದಾರೆ. ಅಲ್ಲಿ ಬರುವುದು ಯಾರೋ ಯಾವಾಗಲೋ ಕಾನೂನಿನ ಒತ್ತಾಯಕ್ಕೆ ಸರ್ಕಾರಕ್ಕೆ ತಿಳಿಸಿದ ನಾಲ್ಕು ಸಂಗತಿ ಮಾತ್ರ. ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಗಾಡಿಯನ್ನು ನಿಜಕ್ಕೂ ತಿಂದುಹಾಕುವ ಸಂಗತಿಗಳನ್ನು ಯಾರೂ ಯಾರಿಗೂ ತಿಳಿಸಬೇಕಾಗಿಲ್ಲ. ಹೀಗಿರುವಾಗ 'ದಾಖಲೆಯಲ್ಲಿ ಏನೂ ಇಲ್ಲ' ಎಂಬುದನ್ನು 'ಗಾಡಿಗೆ ಏನೂ ಆಗಿಲ್ಲ' ಎಂದು ಓದಿಸುವುದು ಬ್ರೋಕರನ ಹಳೇ ಬುರುಡೆಗಿಂತ ಕೆಟ್ಟದ್ದು. ಬುರುಡೆಯನ್ನು ಅನುಮಾನಿಸುವ ಅಭ್ಯಾಸವಾದರೂ ನಮಗಿತ್ತು.

ಸಂಡೂರಿನ ಲಾರಿಗಳನ್ನೇ ಮೊದಲು ನೋಡಿ. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆ ಗಣಿ ವರದಿ ಕೊಟ್ಟರು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿತು. ಅಲ್ಲಿಯವರೆಗೆ ಹಗಲು ರಾತ್ರಿ ಎನ್ನದೆ ಓಡಿದ ಟಿಪ್ಪರ್‌ಗಳು ರಸ್ತೆ ಬದಿಯಲ್ಲಿ, ಪೆಟ್ರೋಲ್ ಬಂಕ್‌ಗಳ ಹಿಂದೆ, ಹೊಲದ ಬದುಗಳಲ್ಲಿ ಸಾಲುಗಟ್ಟಿ ನಿಂತವು. ಕಂತು ಕಟ್ಟಲಾರದವರ ಗಾಡಿಗಳನ್ನು ಫೈನಾನ್ಸ್‌ನವರು ಸೀಜ್ ಮಾಡಿದರು. ಅವು ಹರಾಜಾಗಿ, ಹೊಸ ಪೇಂಟ್ ಬಳಿಸಿಕೊಂಡು, ಗಣಿಯ ಹೆಸರೇ ಕೇಳದ ಊರುಗಳಿಗೆ ಮರಳು, ಜಲ್ಲಿ ಹೊರಲು ಹೋದವು. ಅವುಗಳ ಆರ್‌ಸಿಯಲ್ಲಿ ಹೊರಬಹುದಾದ ತೂಕ ಬರೆದಿತ್ತು, ಹೊತ್ತ ತೂಕ ಬರೆದಿರಲಿಲ್ಲ. ಅದಿರಿನ ಗುಣವೇ ಹಾಗೆ: ಟಿಪ್ಪರ್ ಅರ್ಧ ಖಾಲಿ ಕಾಣುವಾಗಲೇ ತೂಕ ಮಿತಿ ದಾಟಿರುತ್ತದೆ. ಓವರ್‌ಲೋಡ್ ಯಾವ ಪ್ರಮಾಣದಲ್ಲಿ ನಡೆಯಿತೆಂದು ಲೋಕಾಯುಕ್ತ ವರದಿಯೇ ಹೇಳಿದೆ. ಇಡೀ ನಾಡಿಗೆ ಗೊತ್ತಾದ ಆ ಸಂಗತಿ ಒಂದು ಲಾರಿಯ ಪತ್ರದಲ್ಲೂ ಕಾಣಿಸಿಕೊಳ್ಳಲಿಲ್ಲ. ಚಾಸಿಗೆ ಎರಡು ಕಡೆ ಬೆಸುಗೆ ಹಾಕಿದ, ಕಮಾನು ಪಟ್ಟಿ ಎಷ್ಟು ಸಲ ಬದಲಾಯಿತೆಂದು ಲೆಕ್ಕವಿಲ್ಲದ ಗಾಡಿಯೂ, ಕಲ್ಲಂಗಡಿ ಹಣ್ಣು ಹೊತ್ತು ಆರಾಮಾಗಿ ಬಾಳಿದ ಗಾಡಿಯೂ ಕಾಗದದ ಮೇಲೆ ಅಣ್ಣತಮ್ಮಂದಿರೇ.

ಲಾರಿ ಕೊಳ್ಳುವವನಾದರೂ ಲಾರಿ ಬಲ್ಲವನಿರುತ್ತಾನೆ. ಕಾರಿನ ಮಾತು ಬೇರೆ. ದೋಣಿಮಲೈ, ದೇವಗಿರಿ ಕಡೆ ಗಣಿ ಕಂಪನಿಗಳಿಗೆ ತಿಂಗಳ ಬಾಡಿಗೆಗೆ ಓಡಿದ ಬೊಲೆರೊ, ಸ್ಕಾರ್ಪಿಯೊಗಳು ನಾಲ್ಕೈದು ವರ್ಷದ ಮೇಲೆ ಮಾರಾಟಕ್ಕೆ ಬರುತ್ತವೆ. ಹೊರಗೆ ಪಾಲಿಶ್, ಒಳಗೆ ಹೊಸ ಸೀಟ್ ಕವರ್, ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಗಣಪ. ವರದಿ ತೆಗೆದರೆ ಎಲ್ಲ ಹಸಿರು. ಅಂಥ ಗಾಡಿಯಲ್ಲಿ ಕೂತು ಸೀಟ್ ಬೆಲ್ಟನ್ನು ನಿಧಾನವಾಗಿ ಪೂರ್ತಿ ಹೊರಗೆಳೆಯಿರಿ. ಮೊದಲ ಮೂರಡಿ ಕರ್ರಗೆ, ತೊಳೆದು ಒಣಗಿಸಿದಂತಿರುತ್ತದೆ. ರೀಲಿನೊಳಗೆ ಸದಾ ಸುತ್ತಿಕೊಂಡೇ ಇರುವ ಕೊನೆಯ ಭಾಗ ಇಟ್ಟಿಗೆ ಬಣ್ಣದಲ್ಲಿ ಹೊರಬರುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗನ್ನು ಉಗುರಿನಿಂದ ಮೀಟಿ ನೋಡಿ: ಅಡಿಯಲ್ಲಿ ನುಣ್ಣನೆಯ ಕೆಂಪು ಪುಡಿ ಕೂತಿರುತ್ತದೆ, ಬೆರಳಿಗೆ ಮೆತ್ತಿದರೆ ಒಂದು ಸಲದ ಸಾಬೂನಿಗೆ ಬಿಡುವುದಿಲ್ಲ. ಸ್ಟೆಪ್ನಿ ಇಡುವ ಗುಂಡಿಯ ಮೂಲೆಯಲ್ಲಿ, ಏರ್ ಫಿಲ್ಟರ್ ಡಬ್ಬಿಯ ಕೆಳಬದಿಯಲ್ಲಿ, ಫ್ಯೂಸ್ ಬಾಕ್ಸಿನ ಹಿಂದೆ ಅದೇ ಪುಡಿ. ಇದು ಹೊಲದ ದೂಳಿನಂತೆ ಊದಿದರೆ ಹಾರುವ ಮಣ್ಣಲ್ಲ, ಉಜ್ಜುವ ಅದಿರಿನ ಕಣ. ಬೇರಿಂಗ್, ಬುಷ್, ಎಸಿ ಕಾಯಿಲ್ ಎಲ್ಲವನ್ನೂ ಸದ್ದಿಲ್ಲದೆ ಸವೆಸಿರುತ್ತದೆ. ಐದು ನಿಮಿಷದಲ್ಲಿ ಕಣ್ಣಿಗೆ ಬೀಳುವ ಈ ಸತ್ಯವನ್ನು ಹೇಳಬಲ್ಲ ಅಂಕಣ ದೇಶದ ಯಾವ ವಾಹನ ವರದಿಯಲ್ಲೂ ಇಲ್ಲ.

ಇನ್ನು ಹಂಪಿಯ ಟ್ಯಾಕ್ಸಿಗಳು. ಅಕ್ಟೋಬರ್ ಬಂತೆಂದರೆ ಹಂಪಿ, ಬಾದಾಮಿ, ಪಟ್ಟದಕಲ್ಲು, ಗೋವಾ ಎಂದು ಹಳದಿ ಬೋರ್ಡಿನ ಕಾರುಗಳಿಗೆ ಪುರಸೊತ್ತಿಲ್ಲ. ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೋಗಿ ಬಂದರೇ ಮುನ್ನೂರು ಕಿಲೋಮೀಟರ್ ಹತ್ತಿರ ಆಗುತ್ತದೆ. ಹೀಗೆ ದುಡಿದ ಕಾರು ಕೆಲವು ವರ್ಷಗಳಲ್ಲಿ ಎರಡು, ಮೂರು ಲಕ್ಷ ಕಿಲೋಮೀಟರ್ ದಾಟುವುದು ವಿಶೇಷವೇನಲ್ಲ. ಆಮೇಲೆ ಮಾಲೀಕ ಪರ್ಮಿಟ್ ಒಪ್ಪಿಸಿ, ತೆರಿಗೆ ಕಟ್ಟಿ, ಕಾರನ್ನು ಸ್ವಂತ ಬಳಕೆಗೆ ಬದಲಾಯಿಸಿಕೊಳ್ಳುತ್ತಾನೆ. ಹಳದಿ ಬೋರ್ಡ್ ಬಿಳಿಯಾಗುತ್ತದೆ. ಇದೆಲ್ಲ ಕಾನೂನುಬದ್ಧ, ತಪ್ಪೇನಿಲ್ಲ. ಆದರೆ ಈಗ ಆ್ಯಪ್‌ನಲ್ಲಿ ನಂಬರ್ ಹೊಡೆದರೆ ಸಿಗುವುದು ಇಂದಿನ ವರ್ಗ: ಮೋಟಾರು ಕಾರು, ಸ್ವಂತ ಬಳಕೆ. ಮಾಲೀಕ ಬದಲಾಗಿಲ್ಲವಾದ್ದರಿಂದ ಓನರ್ ಸಂಖ್ಯೆ ಒಂದು. ಬ್ರೋಕರ್ ಎದೆತಟ್ಟಿ ಹೇಳುವ 'ವೈಟ್ ಬೋರ್ಡ್, ಸಿಂಗಲ್ ಓನರ್' ಎಂಬ ಎರಡು ಮಾತೂ ಅಕ್ಷರಶಃ ನಿಜವಾಗುತ್ತವೆ. ಉಳಿದದ್ದು ಮೀಟರ್. ಹಿಂದೆ ಮೀಟರ್ ಕೇಬಲ್ ಕಿತ್ತಿಟ್ಟು ಓಡಿಸುತ್ತಿದ್ದರು. ಈಗ ಸ್ಟೀರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ ಸಣ್ಣ ಯಂತ್ರ ಚುಚ್ಚಿ ಬೇಕಾದ ಅಂಕಿ ಕೂರಿಸುತ್ತಾರೆ. ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಆರ್‌ಸಿಯಲ್ಲಿ ಎಂಜಿನ್ ನಂಬರ್, ಚಾಸಿ ನಂಬರ್, ಬಣ್ಣ, ಎಷ್ಟು ಸೀಟು, ಎಷ್ಟು ಸಿಸಿ ಎಲ್ಲಕ್ಕೂ ಜಾಗವಿದೆ, ಕಿಲೋಮೀಟರಿಗೆ ಇಲ್ಲ. ಹಳೇ ಕಾರಿನ ಬೆಲೆ ನಿರ್ಧಾರವಾಗುವುದೇ ಮಾಡೆಲ್ ವರ್ಷ ಮತ್ತು ಕಿಲೋಮೀಟರ್ ಎಂಬ ಎರಡು ಅಂಕಿಗಳ ಮೇಲೆ. ಅವುಗಳಲ್ಲಿ ಒಂದನ್ನು ಪೂರ್ತಿಯಾಗಿ ಮಾರುವವನ ಕೈಗೆ ಬಿಟ್ಟು, ಉಳಿದದ್ದನ್ನೆಲ್ಲ ಅಚ್ಚುಕಟ್ಟಾಗಿ ಮುದ್ರಿಸಿಕೊಟ್ಟು, ಇದನ್ನು 'ಹಿಸ್ಟರಿ' ಎನ್ನುತ್ತಾರೆ. ಬ್ರೇಕ್ ಪೆಡಲಿನ ರಬ್ಬರ್ ಸವೆದು ಕನ್ನಡಿಯಂತಾಗಿದ್ದು ಮೀಟರ್ ಮಾತ್ರ 48,000 ತೋರಿಸುತ್ತಿದ್ದರೆ ನಾನು ನಂಬುವುದು ರಬ್ಬರನ್ನು.

ಇಷ್ಟಕ್ಕೆ ವರದಿಯ ಪರ ವಹಿಸುವವರು, "ಅದರಲ್ಲಿ ಇಲ್ಲದ್ದು ಬಿಡಿ, ಇರುವುದಾದರೂ ಸರಿಯಿದೆಯಲ್ಲ" ಎನ್ನುತ್ತಾರೆ. ಅದೂ ಪೂರ್ತಿ ನಿಜವಲ್ಲ.

ಓನರ್ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ನಡೆಯುವುದು ಬೇರೆ. ಮೊದಲ ಮಾಲೀಕ 29, 30ನೇ ನಮೂನೆಗಳಿಗೆ ಖಾಲಿ ಸಹಿ ಹಾಕಿ ಕೊಟ್ಟುಬಿಡುತ್ತಾನೆ. ಆ ಕಾಗದ ಗಾಡಿಯ ಜೊತೆಗೆ ಹೊಸಪೇಟೆಯಿಂದ ಕಂಪ್ಲಿಗೆ, ಕಂಪ್ಲಿಯಿಂದ ಗಂಗಾವತಿಗೆ, ಅಲ್ಲಿಂದ ಮತ್ತೆಲ್ಲಿಗೋ ಹೋಗುತ್ತದೆ. ಮೂರು ಜನ ಓಡಿಸಿ, ನಾಲ್ಕನೆಯವನು ತನ್ನ ಹೆಸರು ತುಂಬಿ ಕೊಟ್ಟರೆ ದಾಖಲೆಯಲ್ಲಿ ಅವನು 'ಸೆಕೆಂಡ್ ಓನರ್'. ನಡುವಿನ ಮೂವರ ಕಾಲದಲ್ಲಿ ಗಾಡಿ ಮರಕ್ಕೆ ಗುದ್ದಿತೋ ಕಾಲುವೆಗೆ ಇಳಿಯಿತೋ ದೇವರೇ ಬಲ್ಲ. ಈ ಸಡಿಲು ಯಾರ ತಲೆಗೆ ಬರುತ್ತದೆಂದು 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾರು 2007ರಲ್ಲೇ ಮಾರಾಟವಾಗಿ ಕೈಯಿಂದ ಕೈಗೆ ದಾಟಿತ್ತು, ಅಪಘಾತವಾದದ್ದು 2009ರಲ್ಲಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆಯೂ ಅವನದೇ ಎಂದು ತೀರ್ಪಾಯಿತು. ನೊಂದವರಿಗೆ ಪರಿಹಾರ ಸಿಗಬೇಕೆಂಬ ದೃಷ್ಟಿಯಿಂದ ಅದು ಸರಿಯಾದ ತೀರ್ಪು. ಆದರೆ ಸುಪ್ರೀಂ ಕೋರ್ಟಿನವರೆಗೆ ಹೋದ ಈ ವ್ಯಾಜ್ಯ ಒಂದನ್ನಂತೂ ತೋರಿಸುತ್ತದೆ: ದಾಖಲೆಯ ಮಾಲೀಕನೂ ರಸ್ತೆಯ ಮಾಲೀಕನೂ ಬೇರೆಬೇರೆಯಾಗಿರುವುದು ಈ ದೇಶದಲ್ಲಿ ಮಾಮೂಲು.

ಹೊರರಾಜ್ಯದ ಗಾಡಿಗಳದ್ದು ಇನ್ನೊಂದು ಕತೆ. ದಿಲ್ಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರು ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಕೊಟ್ಟ ಮೇಲೆ, ಆ ಕಾರುಗಳು ಎನ್‌ಒಸಿ ಹಿಡಿದುಕೊಂಡು ದಕ್ಷಿಣಕ್ಕೂ ಬಂದವು. ಇಲ್ಲಿ ಮರುನೋಂದಣಿಯಾದೊಡನೆ ಹೊಸ ಕೆಎ ನಂಬರ್. ಕೊಳ್ಳುವವನು ಹೊಡೆದು ನೋಡುವುದು ಹೊಸ ನಂಬರನ್ನು. ಹಳೇ ನಂಬರಿನ ಮೇಲಿನ ದಂಡ, ಹಳೇ ಊರಿನ ಕತೆ ಅವನ ಕಣ್ಣಿಗೆ ಬೀಳಬೇಕೆಂದರೆ ಅದನ್ನು ಹುಡುಕಬೇಕೆಂದು ಮೊದಲೇ ಅವನಿಗೆ ಹೊಳೆದಿರಬೇಕು.

ಸಾಲದ ಅಂಕಣದಲ್ಲಿ ತಪ್ಪು ತಿರುಗಿ ಪ್ರಾಮಾಣಿಕನನ್ನೇ ಹೊಡೆಯುತ್ತದೆ. ಕಂಪ್ಲಿ ಭತ್ತದ ಸೀಮೆ. ಟ್ರ್ಯಾಕ್ಟರ್ ಇಲ್ಲದ ಕೇರಿ ಇಲ್ಲ, ಸಾಲ ಮಾಡದೆ ತಂದ ಟ್ರ್ಯಾಕ್ಟರೂ ಕಡಿಮೆ. ರೈತ ಸಾಲ ತೀರಿಸಿ ರಸೀದಿ ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತನಾಗುತ್ತಾನೆ. 35ನೇ ನಮೂನೆಯನ್ನು ಬ್ಯಾಂಕಿನಿಂದ ಸಹಿ ಮಾಡಿಸಿ ಆರ್‌ಟಿಒಗೆ ಕೊಟ್ಟು ಎಚ್‌ಪಿ ಎಂಬ ಸಾಲದ ನಮೂದನ್ನು ತೆಗೆಸಬೇಕೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಹತ್ತು ವರ್ಷದ ಮೇಲೆ ಮಾರಲು ಹೋದಾಗ ಆ್ಯಪ್ 'ಸಾಲ ಇದೆ' ಎನ್ನುತ್ತದೆ. ಬ್ಯಾಂಕಿಗೆ ಓಡೋಣವೆಂದರೆ ಆರ್‌ಸಿಯಲ್ಲಿರುವ ಹೆಸರಿನ ಬ್ಯಾಂಕೇ ಇಲ್ಲ. ನಮ್ಮ ತುಂಗಭದ್ರಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಾಯಿತು, 2013ರಲ್ಲಿ ಪ್ರಗತಿ ಕೃಷ್ಣವಾಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣವಾಯಿತು, 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣವನ್ನೂ ಸೇರಿಸಿಕೊಂಡು ಮತ್ತೆ ಹೊಸದಾಯಿತು. ಇದರಲ್ಲಿ ಬ್ಯಾಂಕಿನ ತಪ್ಪೇನೂ ಇಲ್ಲ, ಸರ್ಕಾರದ ವಿಲೀನ ನೀತಿ ಹಾಗಿತ್ತು. ಆದರೆ ಟ್ರ್ಯಾಕ್ಟರ್ ವ್ಯಾಪಾರಕ್ಕೆ ಕೂತ ದಲ್ಲಾಳಿ ಮೊಬೈಲ್ ತಿರುಗಿಸಿ ತೋರಿಸಿ, "ಗೌಡ್ರೇ, ಸಾಲ ತೋರಸ್ತೈತೆ ನೋಡ್ರಿ, ಹಿಂಗಿದ್ರೆ ಆ ರೇಟು ಆಗಂಗಿಲ್ಲ" ಎಂದು ಬೆಲೆ ಇಳಿಸುವಾಗ ಇದನ್ನೆಲ್ಲ ಕೇಳುವವರಾರು? ಸತ್ಯ ರೈತನ ಪೆಟ್ಟಿಗೆಯಲ್ಲಿದೆ, ಸುಳ್ಳು ಸರ್ಕಾರಿ ಸರ್ವರಿನಲ್ಲಿದೆ, ಬೆಲೆ ನಿಗದಿಯಾಗುವುದು ಸರ್ವರಿನ ಮಾತಿನ ಮೇಲೆ.

ಅಪಘಾತದ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. 'ನೋ ಕ್ಲೇಮ್' ಎಂಬುದನ್ನು 'ನೋ ಆ್ಯಕ್ಸಿಡೆಂಟ್' ಎಂದು ಮಾರಲಾಗುತ್ತಿದೆ. ಇನ್ಶೂರೆನ್ಸ್‌ನಲ್ಲಿ ಕ್ಲೇಮ್ ಮಾಡದಿದ್ದವರಿಗೆ ಮೊದಲ ವರ್ಷ ಶೇ. 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ. 50ರವರೆಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ರಿಯಾಯಿತಿ ಸಿಗುತ್ತದೆ. ಎಂದರೆ, ಗುದ್ದಿದ್ದನ್ನು ದಾಖಲೆಗೆ ತರದವನಿಗೆ ವ್ಯವಸ್ಥೆಯೇ ಬಹುಮಾನ ಕೊಡುತ್ತದೆ. ಹಾಗಾಗಿ ಬಂಪರ್, ಫೆಂಡರ್, ಕೆಲವೊಮ್ಮೆ ಪಿಲ್ಲರ್‌ವರೆಗಿನ ಪೆಟ್ಟೂ ಟಿಂಕರಿಂಗ್ ಅಂಗಡಿಯಲ್ಲಿ ಬಿಲ್ಲಿಲ್ಲದೆ, ನಗದಿನಲ್ಲಿ, ಪುಟ್ಟಿ ಮೆತ್ತಿಸಿಕೊಂಡು ಮಾಯವಾಗುತ್ತದೆ. ಇನ್ನು ಬರೀ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರುವ ಗಾಡಿಗೆ ಸ್ವಂತ ಹಾನಿಯ ಕ್ಲೇಮ್ ಮಾಡಲು ಅವಕಾಶವೇ ಇಲ್ಲ. ಅದು ಗುದ್ದಿದರೂ ಮುಳುಗಿದರೂ ಇನ್ಶೂರೆನ್ಸ್ ಕಡತದಲ್ಲಿ ಕಪ್ಪು ಚುಕ್ಕೆ ಬೀಳುವುದಿಲ್ಲ.

ಮುಳುಗುವ ಮಾತು ನಮಗೆ ದೂರದ್ದಲ್ಲ. 2019ರ ಆಗಸ್ಟ್‌ನಲ್ಲಿ, ಮತ್ತೆ 2022ರ ಜುಲೈನಲ್ಲಿ, ತುಂಗಭದ್ರಾ ಜಲಾಶಯದಿಂದ ಬಿಟ್ಟ ನೀರಿಗೆ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿತ್ತು. 2019ರಲ್ಲಂತೂ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೊರತರಬೇಕಾಯಿತು. ಜನರನ್ನು ದೋಣಿ, ಹೆಲಿಕಾಪ್ಟರ್ ಎತ್ತಿಕೊಂಡು ಬರುತ್ತವೆ, ಗಾಡಿಗಳನ್ನು ಯಾರೂ ಎತ್ತುವುದಿಲ್ಲ. ನೀರು ಇಳಿದ ಮೇಲೆ ಅವನ್ನು ತೊಳೆದು, ಬಿಸಿಲಿಗೆ ಬಾಗಿಲು ತೆರೆದಿಟ್ಟು ಒಣಗಿಸಿ, ಮ್ಯಾಟ್ ಬದಲಾಯಿಸಿ ಮಾರಿದರೆ ಯಾವ ವರದಿ ತಡೆಯುತ್ತದೆ? ನಮ್ಮ ನದಿಯಷ್ಟೇ ಅಲ್ಲ, 2015ರ ಚೆನ್ನೈ, 2020ರ ಹೈದರಾಬಾದ್, 2022ರ ಬೆಂಗಳೂರಿನ ಹೊರವರ್ತುಲ ರಸ್ತೆ ಎಲ್ಲೇ ಮುಳುಗಿದ ಕಾರಾದರೂ ಮಾರಾಟಕ್ಕೆ ಹೋಗುವುದು ಆ ಮಳೆ ಕಾಣದ ಒಣ ಊರಿಗೆ. ಬಳ್ಳಾರಿ ಸೀಮೆಗಿಂತ ಒಣ ಊರು ಬೇಕೇ?

ಇದಕ್ಕಿಂತ ಕೆಟ್ಟದ್ದು 'ಟೋಟಲ್ ಲಾಸ್' ಗಾಡಿಯ ವಿಚಾರ. ರಿಪೇರಿ ಖರ್ಚು ಗಾಡಿಯ ಘೋಷಿತ ಬೆಲೆಯ ಮುಕ್ಕಾಲು ಪಾಲು ದಾಟಿದರೆ ವಿಮೆಯವರು ಅದನ್ನು ಸತ್ತ ಗಾಡಿ ಎಂದು ಲೆಕ್ಕ ಹಾಕಿ ಹಣ ಕೊಡುತ್ತಾರೆ, ಅವಶೇಷವನ್ನು ಹರಾಜಿಗೆ ಹಾಕಲಾಗುತ್ತದೆ. ಓಡಿಸಲಾಗದಷ್ಟು ನಾಶವಾದ ಗಾಡಿಯ ವಿಷಯವನ್ನು ಮಾಲೀಕ 14 ದಿನದೊಳಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು ಕಾಯ್ದೆಯ 55ನೇ ಕಲಂ ಹೇಳುತ್ತದೆ. ಆದರೆ ಗುಜರಿಯವನಿಗೆ ತುಕ್ಕು ಕಬ್ಬಿಣಕ್ಕಿಂತ ಜೀವಂತ ಆರ್‌ಸಿಯೇ ದುಬಾರಿ ಮಾಲು. ಆ ಆರ್‌ಸಿಗೆ ಇನ್ನೊಂದು ಅರ್ಧ ಗಾಡಿಯನ್ನು ಬೆಸೆದು ಜೋಡಿಸಬಹುದು. ಕದ್ದ ಅದೇ ಮಾಡೆಲ್ ಕಾರಿಗೆ ಇದರ ಚಾಸಿ ನಂಬರ್ ಕೊರೆಯಬಹುದು. ಎರಡೂ ನಡೆದು ದೇಶದ ಪೊಲೀಸರು ಮತ್ತೆ ಮತ್ತೆ ಹಿಡಿದಿದ್ದಾರೆ. ಅಂಥ ಗಾಡಿಯ ನಂಬರ್ ಹೊಡೆದರೆ ಆ್ಯಪ್ ಏನು ಹೇಳುತ್ತದೆ? ನೋಂದಣಿ ಸಕ್ರಿಯ, ಸಾಲ ಇಲ್ಲ. ಎಲ್ಲ ಹಸಿರು.

ಈಗ ಎದುರು ಪಕ್ಷದ ಅತ್ಯಂತ ಗಟ್ಟಿಯಾದ ಮಾತಿಗೆ ಬರುತ್ತೇನೆ: ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ವಾಸಿಯಲ್ಲವೇ? ಮೊದಲು ಆರ್‌ಟಿಒ ಕಚೇರಿಯಲ್ಲಿ ಏಜೆಂಟರ ಕೈಕಾಲು ಹಿಡಿದರೂ ಸಿಗದ ಮಾಹಿತಿ ಈಗ ಪುಕ್ಕಟೆ ಸಿಗುವಾಗ ಗೊಣಗುವುದೇಕೆ? ಒಪ್ಪುತ್ತೇನೆ, ಕಳವಿನ ಗಾಡಿ, ತೆರಿಗೆ ಬಾಕಿ, ಎಫ್‌ಸಿ ಮುಗಿದದ್ದು, ಸಾಲ ಇರುವುದು ಇವನ್ನು ಒಂದು ಮಟ್ಟಕ್ಕೆ ಹಿಡಿಯಲು ಅದು ಸಾಕು. ಅಷ್ಟಕ್ಕೇ ಅದನ್ನು ಬಳಸಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಬಳಕೆ ಅಲ್ಲಿ ನಿಂತಿಲ್ಲ. ಏನೂ ಇಲ್ಲದಿದ್ದಾಗ ಕೊಳ್ಳುವವನು ಗಾಡಿಯ ಅಡಿಗೆ ತೂರಿ ನೋಡುತ್ತಿದ್ದ, ತಣ್ಣಗಿದ್ದ ಎಂಜಿನ್ನನ್ನೇ ಸ್ಟಾರ್ಟ್ ಮಾಡಿಸುತ್ತಿದ್ದ, ಮಾರುವವನ ಓಣಿಯಲ್ಲಿ ವಿಚಾರಿಸುತ್ತಿದ್ದ. ಹಸಿರು ಗುರುತು ಬಂದ ಮೇಲೆ ಆ ಕೆಲಸಗಳು ಅವಮಾನದಂತೆ ಕಾಣತೊಡಗಿವೆ. "ರಿಪೋರ್ಟ್ ಕ್ಲೀನ್ ಐತಲ್ರೀ, ಇನ್ನೇನ್ ನೋಡ್ತೀರಿ" ಎಂದು ಮಾರುವವನು ಮುಖ ಸಿಂಡರಿಸುತ್ತಾನೆ, ಕೊಳ್ಳುವವನು ನಾಚಿಕೊಂಡು ಸೀಟ್ ಬೆಲ್ಟ್ ಬಿಡುತ್ತಾನೆ. ಅರೆಬರೆ ವರದಿ ಇಲ್ಲಿ ಅರ್ಧ ಉಪಕಾರ ಮಾಡುತ್ತಿಲ್ಲ, ಇದ್ದ ಎಚ್ಚರವನ್ನೂ ಕಿತ್ತುಕೊಳ್ಳುತ್ತಿದೆ.

ಹಳೆಯದರಲ್ಲಿ ಒಂದು ಒಳ್ಳೆಯ ವಸ್ತು ಇತ್ತು, ಈಗಲೂ ಇದೆ: ಆರ್‌ಟಿಒ ಕೊಡುವ ಬಿ-ಎಕ್ಸ್‌ಟ್ರಾಕ್ಟ್. ಗಾಡಿಯ ನೋಂದಣಿ ಪುಸ್ತಕದ ನಕಲು ಅದು. ವರ್ಗಾವಣೆ, ಎಚ್‌ಪಿ, ತೆರಿಗೆಯ ವಿವರ ಅದರಲ್ಲಿ ಬರುತ್ತದೆ. ಅಪಘಾತದ ಕೇಸುಗಳಲ್ಲಿ ವಕೀಲರು ಮೊದಲು ಕೇಳುವುದೇ ಅದನ್ನು. ಅದರಲ್ಲೂ ಕೆಮ್ಮಣ್ಣಿನ ಕತೆ ಇರುವುದಿಲ್ಲ, ನಿಜ. ಆದರೆ ಅದರ ಕೊನೆಯಲ್ಲಿ ಒಬ್ಬ ಅಧಿಕಾರಿಯ ಸಹಿ, ಮೊಹರು ಇರುತ್ತದೆ. ತಪ್ಪಿದ್ದರೆ ಕೇಳಲು ಒಬ್ಬ ಮನುಷ್ಯನಿದ್ದಾನೆ. ಖಾಸಗಿ ವರದಿಯ ಕೊನೆಯಲ್ಲಿ ಇರುವುದು ಸಣ್ಣ ಅಕ್ಷರ. ಮೇಲೆ ದಪ್ಪಕ್ಷರದಲ್ಲಿ ಭರವಸೆ, ಕೆಳಗೆ ಇರುವೆ ಅಕ್ಷರದಲ್ಲಿ ಹೊಣೆಯಿಲ್ಲ ಎಂಬ ಘೋಷಣೆ.

ಮಾಹಿತಿ ದೇಶದಲ್ಲಿ ಇಲ್ಲವೇ? ದಂಡಿಯಾಗಿದೆ. ಅಪಘಾತ ಸ್ಥಳದಲ್ಲೇ ಪೊಲೀಸರು ಗಾಡಿ ನಂಬರ್ ಸಮೇತ ದಾಖಲಿಸುವ ಐರ್ಯಾಡ್ ವ್ಯವಸ್ಥೆಯನ್ನು ಐಐಟಿ ಮದ್ರಾಸ್ ಮತ್ತು ಎನ್‌ಐಸಿ ಸೇರಿ ಕಟ್ಟಿವೆ; ಅದು ಮೊದಲು ಜಾರಿಗೆ ಬಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ವಿಮೆ ಕ್ಲೇಮ್‌ಗಳ ಲೆಕ್ಕ ಹೈದರಾಬಾದಿನ ವಿಮಾ ಮಾಹಿತಿ ಬ್ಯೂರೊದಲ್ಲಿದೆ. ಅದಿರು ಹೊರುವ ಲಾರಿಯ ನಂಬರ್, ತೂಕ, ಎಲ್ಲಿಂದ ಎಲ್ಲಿಗೆ ಎಂಬುದು ಗಣಿ ಇಲಾಖೆಯ ಪರ್ಮಿಟ್ ವ್ಯವಸ್ಥೆಯಲ್ಲಿ ಟ್ರಿಪ್ಪಿಗೊಂದರಂತೆ ಸೇರುತ್ತದೆ. ಸರ್ವಿಸಿಗೆ ಹೋದಾಗಲೆಲ್ಲ ಕಿಲೋಮೀಟರ್ ಬರೆದುಕೊಳ್ಳುವ ಕಂಪನಿಗಳಿವೆ. ಎಲ್ಲರ ಬಳಿಯೂ ಒಂದೊಂದು ತುಂಡಿದೆ, ದುಡ್ಡು ಕೊಟ್ಟು ಕಾರು ಕೊಳ್ಳುವವನಿಗೆ ಮಾತ್ರ ಒಂದೂ ಇಲ್ಲ. ಖಾಸಗಿತನ ಎಂದು ಕೆಲವರು ಅಡ್ಡ ಬರುತ್ತಾರೆ. ಆದರೆ 2019ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದೇ ವಾಹನ ಮಾಹಿತಿಯನ್ನು ಸಗಟು ಮಾರುವ ನೀತಿ ಮಾಡಿತ್ತು. 87 ಖಾಸಗಿ ಕಂಪನಿಗಳಿಗೆ ಕಡತ ತೆರೆದಿಟ್ಟದ್ದನ್ನೂ, ಅದರಿಂದ 65 ಕೋಟಿ ರೂಪಾಯಿ ಬಂದದ್ದನ್ನೂ ಆ ವರ್ಷ ಸಂಸತ್ತಿಗೇ ತಿಳಿಸಿತ್ತು. ಆಕ್ಷೇಪಗಳೆದ್ದು 2020ರ ಜೂನ್‌ನಲ್ಲಿ ನೀತಿ ರದ್ದಾಯಿತು. ನನ್ನ ಹೆಸರು, ವಿಳಾಸ ಮುಚ್ಚಿಡಲಿ, ಬಹಳ ಒಳ್ಳೆಯದು. ನನ್ನ ಕಾರು ಓಡಿದ ಕಿಲೋಮೀಟರಿಗೆ ಯಾವ ಮಾನ ಮರ್ಯಾದೆ ಇದೆ ಮುಚ್ಚಿಡಲು?

ಬೆಲ್ಜಿಯಂನಲ್ಲಿ 2006ರಿಂದ ಹಳೇ ಕಾರು ಮಾರುವಾಗ ಕಾರ್-ಪಾಸ್ ಎಂಬ ಕಿಲೋಮೀಟರ್ ಪತ್ರ ಕೊಡುವುದು ಕಡ್ಡಾಯ. ಗ್ಯಾರೇಜಿನವರು ಪ್ರತಿ ಸಲ ಮೀಟರ್ ಅಂಕಿ ಕಳಿಸಲೇಬೇಕು. ಬ್ರಿಟನ್ನಿನಲ್ಲಿ ವಾರ್ಷಿಕ ಎಂಒಟಿ ಪರೀಕ್ಷೆಯಲ್ಲಿ ಬರೆದ ಮೈಲಿ ಲೆಕ್ಕವನ್ನು ನಂಬರ್ ಹಾಕಿದ ಯಾರಾದರೂ ಪುಕ್ಕಟೆ ನೋಡಬಹುದು. ಹಾಗೆಂದು ಪಶ್ಚಿಮದವರದ್ದೆಲ್ಲ ಚಿನ್ನವೇನಲ್ಲ. ಅಮೆರಿಕದಲ್ಲಿ ಕಾರ್‌ಫ್ಯಾಕ್ಸ್‌ನಂಥ ವರದಿ ಕಂಪನಿ 1984ರಿಂದಲೇ ಇದೆ. ಹಾಗಿದ್ದೂ 2005ರ ಕತ್ರಿನಾ ಚಂಡಮಾರುತದಲ್ಲಿ ಮುಳುಗಿದ ಕಾರುಗಳು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಿ ಕಾಗದ ಬದಲಿಸಿಕೊಂಡು ಶುದ್ಧವಾದವು. ವಿಮೆ ಕಂಪನಿಗಳೂ ಗುಜರಿಯವರೂ ರಾಷ್ಟ್ರೀಯ ದಾಖಲೆಗೆ ತಿಳಿಸಲೇಬೇಕೆಂಬ ನಿಯಮ ಜಾರಿಯಾದದ್ದು 2009ರಲ್ಲಿ. ತಿಳಿಸುವವನ ಮೇಲೆ ಹೊಣೆ ಹೊರಿಸದೆ ಓದುವವನಿಗೆ ಆ್ಯಪ್ ಕೊಟ್ಟರೆ ಎಲ್ಲಿಯೂ ಹೀಗೇ.

ನಮ್ಮ ಸರ್ಕಾರ 2022ರ ಡಿಸೆಂಬರಿನಲ್ಲಿ ಹಳೇ ವಾಹನ ವ್ಯಾಪಾರಿಗಳಿಗೆ ನಿಯಮ ತಂದು 2023ರ ಏಪ್ರಿಲ್ 1ರಿಂದ ಜಾರಿ ಮಾಡಿತು. ವ್ಯಾಪಾರಿ ಅಧಿಕೃತ ಪತ್ರ ಪಡೆಯಬೇಕು, ಗಾಡಿ ತನ್ನ ಕೈಗೆ ಬಂದದ್ದನ್ನು ತಿಳಿಸಬೇಕು, ಗಾಡಿ ತನ್ನಲ್ಲಿರುವಾಗಿನ ಓಡಾಟಕ್ಕೆ ಎಲೆಕ್ಟ್ರಾನಿಕ್ ಟ್ರಿಪ್ ರಿಜಿಸ್ಟರ್ ಇಟ್ಟು ಓಡಿದ ಕಿಲೋಮೀಟರನ್ನೂ ಬರೆಯಬೇಕು. ಒಳ್ಳೆಯ ನಿಯಮ. ಆದರೆ ವ್ಯಾಪಾರಿ ಟ್ರಯಲ್‌ಗೆ ಟಿಬಿ ಡ್ಯಾಮ್‌ವರೆಗೆ ಓಡಿಸಿದ ಕಿಲೋಮೀಟರ್ ಕೇಳುವ ಸರ್ಕಾರ, ಅದಕ್ಕಿಂತ ಮೊದಲು ಗಾಡಿ ಜೀವಮಾನವೆಲ್ಲ ಓಡಿದ್ದನ್ನು ಕೇಳದೆ ಬಿಟ್ಟಿದೆ. ಪ್ರತಿ ಎಮಿಷನ್ ಟೆಸ್ಟಿನಲ್ಲಿ, ಪ್ರತಿ ಎಫ್‌ಸಿಯಲ್ಲಿ, ಪ್ರತಿ ವಿಮೆ ನವೀಕರಣದಲ್ಲಿ ಮೀಟರ್ ಅಂಕಿ ಬರೆದು ನಂಬರ್ ಹೊಡೆದವರಿಗೆಲ್ಲ ತೋರಿಸಲು ಹೊಸ ಕಚೇರಿ ಬೇಕಿಲ್ಲ. ಟೋಟಲ್ ಲಾಸ್ ಹಣ ಕೊಡುವ ಮೊದಲು ಆರ್‌ಸಿ ರದ್ದಾದ ಪತ್ರ ಕೇಳುವ ಹೊಣೆಯನ್ನು ವಿಮೆ ಕಂಪನಿಯ ತಲೆಗೇ ಕಟ್ಟಬಹುದು. ದುಡ್ಡು ಪಡೆದು 'ಕ್ಲೀನ್' ಎಂದು ಬರೆದವನು ತಪ್ಪಿದರೆ ಆ ಹಣವನ್ನಷ್ಟೇ ಅಲ್ಲ, ನಷ್ಟವನ್ನೂ ತುಂಬಬೇಕೆಂಬ ಒಂದು ಸಾಲು ಬಂದರೆ ಹಸಿರು ಗುರುತುಗಳು ಒಂದೇ ವಾರದಲ್ಲಿ ಕಡಿಮೆಯಾದಾವು.

ಅದು ಬರುವವರೆಗೆ ವ್ಯಾಪಾರದ ದಿನ ಬಾಂಡ್ ಪೇಪರನ್ನು ನಿಧಾನವಾಗಿ ಓದಿ. ಅರ್ಧ ಗಂಟೆ ಮೊದಲು ವರದಿ ತೋರಿಸಿ ಗಾಡಿ ಚಿನ್ನವೆಂದವನೇ ಅಲ್ಲಿ, 'ವಾಹನವನ್ನು ಇದ್ದ ಸ್ಥಿತಿಯಲ್ಲಿ ಪರಿಶೀಲಿಸಿ ಒಪ್ಪಿ ಖರೀದಿಸಿದ್ದೇನೆ' ಎಂದು ನಿಮ್ಮಿಂದ ಬರೆಸಿಕೊಳ್ಳುತ್ತಿರುತ್ತಾನೆ. ಆ ಸಾಲಿನ ಕೆಳಗೆ ಇನ್ನೂ ಮೂರು ಸಾಲು ಸೇರಿಸಲು ಹೇಳಿ: ಮೀಟರ್ ಅಂಕಿ ನಿಜವಾದದ್ದು, ಗಾಡಿ ನೀರಿನಲ್ಲಿ ಮುಳುಗಿಲ್ಲ, ಟೋಟಲ್ ಲಾಸ್ ಆದದ್ದಲ್ಲ. ವ್ಯಾಪಾರಕ್ಕೆಂದೇ ಕಾರು ಮಾರುವವನು ಇದಕ್ಕೆ ಸಹಿ ಹಾಕಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ನಿಮ್ಮ ಕೈಯಲ್ಲಿ ಹಿಡಿಯಲು ಒಂದು ಕಾಗದವಿರುತ್ತದೆ; ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. "ಅದೆಲ್ಲಾ ಬ್ಯಾಡ್ರೀ, ರಿಪೋರ್ಟ್ ನೋಡಿರಲ್ಲ" ಎಂದು ಅವನು ಪೆನ್ನು ಕೆಳಗಿಟ್ಟರೆ, ಅವನಿಗೇ ನಂಬಿಕೆಯಿಲ್ಲದ ವರದಿಯ ಮೇಲೆ ನಿಮ್ಮ ನಾಲ್ಕೈದು ಲಕ್ಷ ಇಡಬೇಕೆಂದು ಅವನು ಕೇಳುತ್ತಿದ್ದಾನೆ.